ಉಪವಾಸ ಕುಂತ ಗೋಸುಂಬೆ: 48 ತಾಸಿನ ಬಳಕೆದಾರರ ಕೈಪಿಡಿ

ಡಬ್ಬಿ ತೆರೆಯುವ ಮುನ್ನ

ತಮ್ಮ ಮನೆಗೆ ಒಂದು ಗೋಸುಂಬೆ ಮರಿ ಬಂದಿದೆ. ತಾವು ತರಿಸಿದ್ದಲ್ಲ. ದೇವದುರ್ಗದ ಬಜಾರಿನಲ್ಲಿ ಹತ್ತಿ ಬೀಜ, ಮೆಣಸಿನ ಗಿಡಕ್ಕೆ ಹೊಡೆಯುವ ಎಣ್ಣೆ, ಮೊಬೈಲ್ ಕವರು ಎಲ್ಲ ಸಿಗುತ್ತವೆ. ಗೋಸುಂಬೆ ಮಾರುವ ಅಂಗಡಿ ಇನ್ನೂ ತೆರೆದಿಲ್ಲ. ಶಾಲೆ ಬಿಟ್ಟು ಬರುವಾಗ ಕಾಲುವೆ ದಂಡೆಯ ಜಾಲಿ ಬೇಲಿಯಲ್ಲಿ ಕಂಡದ್ದನ್ನು ತಮ್ಮ ಮಗ ಕಂಪಾಸ್ ಬಾಕ್ಸಿನಲ್ಲಿ ಹಾಕಿಕೊಂಡು ತಂದಿದ್ದಾನೆ. ಕೋನಮಾಪಕಕ್ಕೂ ಅರ್ಧ ರಬ್ಬರಿಗೂ ನಡುವೆ ಪ್ರಯಾಣ ಮಾಡಿದ ಆ ಪ್ರಾಣಿ ಈಗ ಏನನ್ನೂ ತಿನ್ನುತ್ತಿಲ್ಲವೆಂದು ಮನೆಮಂದಿಯೆಲ್ಲ ಗಾಬರಿಯಾಗಿದ್ದೀರಿ. ಗಾಬರಿ ಸಹಜ. ಆದರೆ ಸದ್ಯಕ್ಕೆ ಈ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಗಾಬರಿಯಾಗಿರುವವರು ಡಬ್ಬಿಯೊಳಗಿದ್ದಾರೆ ಎಂಬುದನ್ನು ನೆನಪಿನಲ್ಲಿಟ್ಟುಕೊಂಡು ಮುಂದೆ ಓದಬೇಕು.

ಡಬ್ಬಿಯಲ್ಲಿ ಇರಬೇಕಾದ ಭಾಗಗಳು ಇವು: ಮೈ ಒಂದು, ಎರಡೂ ಬದಿಯಿಂದ ಒತ್ತಿ ಚಪ್ಪಟೆ ಮಾಡಿದ್ದು. ಬಾಲ ಒಂದು, ಸುರುಳಿ ಸುತ್ತಿದ್ದು. ಕಣ್ಣು ಎರಡು, ಒಂದು ಬಾಗಿಲ ಕಡೆ, ಇನ್ನೊಂದು ತಮ್ಮ ಕಡೆ ತಿರುಗಿದ್ದರೆ ಅದು ತಯಾರಿಕೆಯ ದೋಷವಲ್ಲ. ನಾಲಿಗೆ ಒಂದು, ಅದು ಒಳಗಿದೆ, ಇದೆಯೋ ಇಲ್ಲವೋ ಎಂದು ಬಾಯಿ ಅಗಲಿಸಿ ನೋಡುವ ಅಗತ್ಯವಿಲ್ಲ. ವಾರಂಟಿ ಕಾರ್ಡು ಇರುವುದಿಲ್ಲ.

ಬಂದದ್ದು ಗೋಸುಂಬೆಯೇ ಎಂದು ಮೊದಲು ಖಾತ್ರಿ ಮಾಡಿಕೊಳ್ಳಿ. ನಮ್ಮ ಕಡೆ ಬೇಲಿ ಮೇಲೆ ಕಂಡದ್ದಕ್ಕೆಲ್ಲ ಗೋಸುಂಬೆ ಎನ್ನುವ ರೂಢಿ ಇದೆ. ಕುತ್ತಿಗೆ ಕೆಂಪಗೆ ಮಾಡಿಕೊಂಡು, ಮುಂಗಾಲ ಮೇಲೆ ದಂಡ ಹೊಡೆಯುತ್ತ, ಹುಡುಗರು ಕಲ್ಲೆತ್ತಿದರೆ ಸರ್ರನೆ ಓಡುವುದು ಓತಿಕ್ಯಾತ. ಗಾದೆಯಲ್ಲಿ ಬೇಲಿ ಗೂಟವನ್ನು ಸಾಕ್ಷಿಗೆ ಕರೆದದ್ದು ಅದೇ. ಗೋಸುಂಬೆ ಓಡುವುದಿಲ್ಲ. ಒಂದು ಕಾಲೆತ್ತಿ, ಗಾಳಿಯಲ್ಲಿ ಹಿಂದಕ್ಕೆ ಮುಂದಕ್ಕೆ ಓಲಾಡಿಸಿ, ಇಡಲೋ ಬೇಡವೋ ಎಂದು ಯೋಚಿಸಿ, ಕಡೆಗೆ ಇಡುತ್ತದೆ. ಅಷ್ಟರಲ್ಲಿ ನೋಡುವವರ ಚಹಾ ಆರಿರುತ್ತದೆ. ಆ ಕಾಲನ್ನೇ ಹತ್ತಿರದಿಂದ ನೋಡಿ. ಐದು ಬೆರಳು ಬಿಡಿಬಿಡಿಯಾಗಿಲ್ಲ, ಎರಡು ಕಟ್ಟುಗಳಾಗಿ ಕೂಡಿಕೊಂಡಿವೆ: ಮುಂಗಾಲಿನಲ್ಲಿ ಒಳಗಡೆ ಮೂರು, ಹೊರಗಡೆ ಎರಡು, ಹಿಂಗಾಲಿನಲ್ಲಿ ಇದು ಉಲ್ಟಾ. ಬೇವಿನ ಕಡ್ಡಿಯನ್ನು ಇಕ್ಕಳದಲ್ಲಿ ಹಿಡಿದ ಹಾಗೆ ಹಿಡಿಯುವುದು ಇದರಿಂದಲೇ. ಹಿಡಿದದ್ದನ್ನು ಎಳೆದು ಬಿಡಿಸಲು ಹೋದರೆ ಉಗುರು ಕಿತ್ತು ಬರುತ್ತದೆ, ಆದ್ದರಿಂದ ಕಡ್ಡಿ ಸಮೇತ ಎತ್ತಬೇಕು.

ಭಾರತದ ಕಾಡುಮೇಡಿನಲ್ಲಿರುವ ಗೋಸುಂಬೆ ಜಾತಿ ಇದೊಂದೇ. ಕೆಮೀಲಿಯೊ ಝೈಲಾನಿಕಸ್ ಎಂಬ ಶಾಸ್ತ್ರೀಯ ಹೆಸರನ್ನು 1768ರಲ್ಲಿ ಆಸ್ಟ್ರಿಯಾದ ಲಾರೆಂಟಿ ಇಟ್ಟರು. ಲೋಕದಲ್ಲಿ ಒಟ್ಟು 200ಕ್ಕೂ ಹೆಚ್ಚು ಜಾತಿಗಳಿದ್ದು, ಸುಮಾರು ಅರ್ಧದಷ್ಟು ಮಡಗಾಸ್ಕರ್ ದ್ವೀಪವೊಂದರಲ್ಲೇ ಇವೆ. ಇನ್ನು 'ಕರ್ವಾಲೊ' ಓದಿದ ಮೇಷ್ಟ್ರು ಯಾರಾದರೂ ಬಂದು ಇದು ಹಾರುವ ಓತಿ ಇರಬಹುದು ಎಂದರೆ ಚಹಾ ಕೊಟ್ಟು ಕಳಿಸಿ. ಆ ಕಾದಂಬರಿಯಲ್ಲಿ ತೇಜಸ್ವಿಯವರು ಬರೆದದ್ದು ಮಲೆನಾಡಿನ ಪ್ರಾಣಿ. ದೇವದುರ್ಗದಲ್ಲಿ ಅದು ಒಂದು ಮರದಿಂದ ಹಾರಿದರೆ ಇನ್ನೊಂದು ಮರ ಸಿಗುವ ಭರವಸೆ ಇಲ್ಲ.

ಮಾಲೀಕತ್ವ

ಈ ಪ್ರಾಣಿಯ ಮಾಲೀಕರು ತಾವಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಯಲ್ಲಿ ಗೋಸುಂಬೆ ಇದೆ. ಆ ಕಾಯ್ದೆಯ ಪ್ರಕಾರ ಕೊಲ್ಲುವುದಷ್ಟೇ ಬೇಟೆಯಲ್ಲ, ಹಿಡಿಯುವುದೂ ಬೇಟೆ. ಅಂದರೆ ಗಣಿತದಲ್ಲಿ ಅಷ್ಟಕ್ಕಷ್ಟೇ ಇರುವ ತಮ್ಮ ಮಗ ಕಾನೂನಿನ ಕಣ್ಣಿಗೆ ಬೇಟೆಗಾರ. 39ನೇ ಕಲಮಿನಂತೆ ಹೀಗೆ ಹಿಡಿದ ಪ್ರಾಣಿ ಸರ್ಕಾರದ ಸ್ವತ್ತು. ಅಂಥ ಸ್ವತ್ತು ಕೈಗೆ ಬಂದವರು 48 ತಾಸಿನೊಳಗೆ ಹತ್ತಿರದ ಪೊಲೀಸ್ ಠಾಣೆಗೋ ಅಧಿಕೃತ ಅಧಿಕಾರಿಗೋ ತಿಳಿಸಬೇಕು. ಹಾಗಾಗಿ ಈ ಕೈಪಿಡಿಯ ಆಯುಷ್ಯವೂ 48 ತಾಸು. ಆಮೇಲೆ ಏನು ಮಾಡಬೇಕು ಎಂಬ ಅಧ್ಯಾಯವನ್ನು ಬೇಕೆಂತಲೇ ಬರೆದಿಲ್ಲ.

ಬೆಂಗಳೂರಲ್ಲಿ ಮಂದಿ ಸಾಕುತ್ತಾರಲ್ಲ ಎಂದು ಮಾನ್ವಿಯಿಂದ ಬಂದ ಸೋದರಮಾವ ಕೇಳುತ್ತಾರೆ. ಅವರು ಫೋನಿನಲ್ಲಿ ನೋಡಿದ್ದು ಬಹುಮಟ್ಟಿಗೆ ಯೆಮನ್ ಕಡೆಯ ಗೋಸುಂಬೆ, ತಲೆ ಮೇಲೆ ಎತ್ತರದ ಜುಟ್ಟಿರುವುದು. ಅಂಥ ವಿದೇಶಿ ಪ್ರಾಣಿಗಳನ್ನು ಇಟ್ಟುಕೊಂಡವರೂ 2024ರ ನಿಯಮಗಳ ಪ್ರಕಾರ ಪರಿವೇಶ್ ಎಂಬ ಸರ್ಕಾರಿ ಪೋರ್ಟಲಿನಲ್ಲಿ ನೋಂದಾಯಿಸಬೇಕು. ನಮ್ಮ ಬೇಲಿಯದಕ್ಕೆ ಆ ದಾರಿಯೂ ಇಲ್ಲ.

ಮುಖ್ಯ ದೋಷ: ತಿನ್ನುತ್ತಿಲ್ಲ

ಹೊಸದಾಗಿ ಹಿಡಿದು ತಂದ ಗೋಸುಂಬೆ ಉಣ್ಣದಿರುವುದು ರೋಗವೇ ಆಗಬೇಕಿಲ್ಲ. ಬಹಳ ಸಲ ಅದು ಸುತ್ತ ನಿಂತವರ ಲೆಕ್ಕ. ಈಗ ತಮ್ಮ ಪಡಸಾಲೆಯಲ್ಲಿ ಎಷ್ಟು ಜನ ಇದ್ದೀರಿ ಎಂದು ಎಣಿಸಿಕೊಳ್ಳಿ. ಮನೆಯವರು, ಓಣಿಯ ಹುಡುಗರು, ಹಾಲು ಹಾಕಲು ಬಂದು ನಿಂತೇಬಿಟ್ಟವನು, ರೀಲ್ಸ್ ಮಾಡಲು ಬಂದ ಪಕ್ಕದ ಮನೆಯ ತಂಗಿ. ಗೋಸುಂಬೆಯ ಒಂದೊಂದು ಕಣ್ಣೂ ಬೇರೆ ಬೇರೆಯಾಗಿ ತಿರುಗುವುದರಿಂದ ಮುಂದೆ, ಹಿಂದೆ, ಮೇಲೆ ಎಲ್ಲ ಕಡೆಯವರೂ ಅದಕ್ಕೆ ಕಾಣುತ್ತಾರೆ. ಬೆನ್ನ ಹಿಂದೆ ನಿಂತಿದ್ದೇನೆ, ನನ್ನ ಗೊತ್ತಾಗಲ್ಲ ಎಂದು ಯಾರೂ ಅಂದುಕೊಳ್ಳಬಾರದು. ಮರದ ಮೇಲೆ ಬದುಕುವ ಪ್ರಾಣಿಗೆ ಮೇಲಿನಿಂದ ಬಗ್ಗಿ ನೋಡುವ ಮುಖವೆಂದರೆ ಹದ್ದು, ಕಾಗೆ. ತಾವು ಪ್ರೀತಿಯಿಂದ ಬಗ್ಗಿದ್ದೀರಿ ಎಂದು ತಿಳಿಸಲು ಯಾವ ಉಪಾಯವೂ ಇಲ್ಲ.

ಪಡಸಾಲೆಯಲ್ಲಿ ಈ ಹೊತ್ತಿಗೆ ನಡೆಯುವ ಮಾತುಕತೆ ಸಾಮಾನ್ಯವಾಗಿ ಹೀಗಿರುತ್ತದೆ:

"ಬಾಯಿ ತಗದೈತಿ ನೋಡ್ರಿ, ಪಾಪ, ಹಸದೈತಿ."

"ಒಂದೀಟು ಹಾಲು ತಾರವ್ವ, ಹತ್ತಿ ಅದ್ದಿ ಬಾಯಾಗ ಬಿಡೂನು."

"ಹುಷಾರಪಾ, ಕಚ್ಚಿದ್ರ ಮನುಷ್ಯಾ ಉಳಿಯಂಗಿಲ್ಲ."

"ಏನೂ ಅಲ್ಲ ಬಿಡ್ರಿ, ದೃಷ್ಟಿ ಆಗೈತಿ ಅದಕ್ಕ. ಉಪ್ಪು ಮೆಣಸಿನಕಾಯಿ ತಗೊಂಡು ದೃಷ್ಟಿ ತಗೀರಿ."

ಒಂದೊಂದಾಗಿ ಉತ್ತರಿಸೋಣ. ಬಾಯಿ ತೆರೆದು ಬುಸ್ಸೆಂದರೆ ಅದು ಹಸಿವಲ್ಲ, ದೂರ ಸರಿ ಎಂಬ ಎಚ್ಚರಿಕೆ. ಬುಸ್ಸೆನ್ನದೆ ಸುಮ್ಮನೆ ಬಾಯಿ ತೆರೆದುಕೊಂಡು ಮೈ ಬಿಳಚಿಕೊಂಡಿದ್ದರೆ ಸೆಕೆ ಹೆಚ್ಚಾಗಿದೆ. ಹಾಲು ಯಾವ ಕಾರಣಕ್ಕೂ ಬೇಡ. ನಾಗರ ಪಂಚಮಿಗೆ ಹುತ್ತಕ್ಕೆ ಎರೆದ ರೂಢಿಯಲ್ಲಿ ಕೈ ತಾನಾಗಿ ಬಟ್ಟಲಿನ ಕಡೆ ಹೋಗುತ್ತದೆ, ತಡೆಯಿರಿ. ಹಾಲು ಹಾವಿಗೂ ಆಹಾರವಲ್ಲ, ಇದಕ್ಕೂ ಅಲ್ಲ. ಕಚ್ಚಿದರೆ ಸಾಯುವುದಿಲ್ಲ, ಗೋಸುಂಬೆಗೆ ವಿಷವೇ ಇಲ್ಲ. ಕೊನೆಯ ಸಲಹೆ ಕೊಟ್ಟ ಅಜ್ಜಿಯನ್ನು ನೋಡಿ ಮಾತ್ರ ನಗಬೇಡಿ. ಇಡೀ ಪಡಸಾಲೆಯಲ್ಲಿ ರೋಗ ಸರಿಯಾಗಿ ಹೇಳಿದವರು ಅವರೊಬ್ಬರೇ. ಅದಕ್ಕೆ ಆಗಿರುವುದು ದೃಷ್ಟಿಯೇ. ಉಪ್ಪು ಮೆಣಸಿನಕಾಯಿಯ ಬದಲು ಕಣ್ಣುಗಳನ್ನೇ ಹೊರಗೆ ಹಾಕಬೇಕು, ವ್ಯತ್ಯಾಸ ಅಷ್ಟೇ.

ವಿಧಾನ: ಮೊದಲು ರೀಲ್ಸಿನವರು. ಆಮೇಲೆ ಓಣಿಯವರು. ನಂತರ ಸೋದರಮಾವ; ಅವರಿಗೆ ಮಿರ್ಚಿ ಒಗ್ಗರಣೆ ತರುವ ಕೆಲಸ ಹೇಳಿದರೆ ತಕರಾರಿಲ್ಲದೆ ಎದ್ದು ಹೋಗುತ್ತಾರೆ, ಬಸ್ ಸ್ಟ್ಯಾಂಡಿನ ಹತ್ತಿರ ಪರಿಚಯದವರು ಸಿಕ್ಕೇ ಸಿಗುತ್ತಾರೆ. ಕಡೆಗೆ ಉಳಿಯುವವನು ಬೇಟೆಗಾರ. ಅವನನ್ನು ಹೊರಗೆ ಹಾಕುವುದು ಎಲ್ಲಕ್ಕಿಂತ ಕಷ್ಟ, ಏಕೆಂದರೆ ಅವನಿಗೆ ನಿಜವಾಗಿಯೂ ಚಿಂತೆಯಾಗಿದೆ. ಅವನಿಗೆ ನೀರಿನ ಉಸ್ತುವಾರಿ ಕೊಡಿ.

ಇರುವ ಜಾಗ

ಗಾಜಿನ ಡಬ್ಬಿ, ಬರಣಿ, ಮೀನಿನ ತೊಟ್ಟಿ ಬೇಡ. ಗಾಜಿನಲ್ಲಿ ತನ್ನದೇ ನೆರಳು ಕಂಡರೆ ಎದುರಿಗೆ ಇನ್ನೊಂದು ಗೋಸುಂಬೆ ಬಂದಿದೆ ಎಂದೇ ಅದರ ತಿಳಿವಳಿಕೆ, ಒಂಟಿಯಾಗಿರಲು ಬಯಸುವ ಈ ಜಾತಿಗೆ ಅದು ಜಗಳದ ವಿಷಯ. ಕನ್ನಡಿ ಇರುವ ಅಲಮಾರಿ ಎದುರಿಗೂ ಇಡಬೇಡಿ. ಕೋಳಿ ಮುಚ್ಚುವ ಬುಟ್ಟಿ ಇದ್ದರೆ ಅದಕ್ಕೆ ಹಳೆಯ ಸೊಳ್ಳೆ ಪರದೆ ಸುತ್ತಿ, ಒಳಗೆ ದಾಸವಾಳದ ಕುಂಡವೋ ಎಲೆ ತುಂಬಿದ ಬೇವಿನ ಟೊಂಗೆಯೋ ಇಡಿ. ಎಕ್ಕ, ಕಣಗಿಲ ಬೇಡ, ಎರಡೂ ವಿಷದ ಗಿಡ. ಬುಟ್ಟಿಯನ್ನು ನೆಲದ ಮೇಲಿಡದೆ ತಮ್ಮ ತಲೆಗಿಂತ ಎತ್ತರದಲ್ಲಿ ಇಟ್ಟರೆ ಅರ್ಧ ಚಿಕಿತ್ಸೆ ಮುಗಿದ ಹಾಗೆ. ಎತ್ತರದಿಂದ ನಮ್ಮನ್ನು ನೋಡುವುದು ಅದಕ್ಕೆ ಒಪ್ಪಿತ. ನಾವು ಎತ್ತರದಿಂದ ಅದನ್ನು ನೋಡುವುದು ಒಪ್ಪಿತವಲ್ಲ.

ಟೊಂಗೆ ಹತ್ತಿಸಿದ ಕೂಡಲೇ ಅದು ಟೊಂಗೆಯ ಆ ಬದಿಗೆ ಸರಿದು, ಮೈಯನ್ನು ಇನ್ನಷ್ಟು ಚಪ್ಪಟೆ ಮಾಡಿಕೊಂಡು, ಒಂದು ಕಣ್ಣನ್ನು ಮಾತ್ರ ಈ ಕಡೆ ಚಾಚುತ್ತದೆ. ಕಾಣಲಿ ಎಂದು ಟೊಂಗೆ ತಿರುಗಿಸಿದರೆ ಮತ್ತೆ ಆ ಬದಿಗೆ ಹೋಗುತ್ತದೆ. ಆಟವೆಂದು ತಿಳಿದು ಮುಂದುವರಿಸಬಾರದು.

ನೀರು, ಅಥವಾ ಬಾಟಲಿ ಹಚ್ಚುವ ಕ್ರಮ

ಎರಡು ದಿನ ಊಟ ಇಲ್ಲದಿದ್ದರೂ ಗೋಸುಂಬೆ ಮರಿ ತಡೆದೀತು, ನೀರಿಲ್ಲದೆ ಸೊರಗುತ್ತದೆ. ಕಣ್ಣಿನ ಗೋಪುರ ಒಳಕ್ಕೆ ಕುಸಿದಿದ್ದರೆ ನೀರು ಸಾಲದಾಗಿದೆ. ಇನ್ನೊಂದು ಪರೀಕ್ಷೆ ಹೇಸಿಗೆಯದು, ಆದರೆ ಸುಳ್ಳು ಹೇಳುವುದಿಲ್ಲ: ಹಿಕ್ಕೆಯ ಜೊತೆ ಬರುವ ಗಟ್ಟಿ ಮೂತ್ರ ಬೆಳ್ಳಗಿದ್ದರೆ ಒಳ್ಳೆಯದು, ಹಳದಿ ಅಥವಾ ಕಿತ್ತಳೆ ಬಣ್ಣಕ್ಕಿದ್ದರೆ ಬಾಯಾರಿದೆ.

ಬಟ್ಟಲಲ್ಲಿ ನೀರಿಟ್ಟು ಕುಡಿಯಲಿಲ್ಲ ಎಂದು ದೂರಬೇಡಿ. ನಿಂತ ನೀರನ್ನು ಅದು ನೀರೆಂದು ಗುರುತಿಸುವುದೇ ಕಷ್ಟ. ಎಲೆ ಮೇಲಿನ ಇಬ್ಬನಿ, ಮಳೆಹನಿ ನೆಕ್ಕಿ ಬದುಕುವ ಪ್ರಾಣಿ ಅದು. ಇಲ್ಲಿ ನಮ್ಮ ಸೀಮೆಯ ಹಳೆಯ ನಂಬಿಕೆಯೊಂದು ಕೆಲಸಕ್ಕೆ ಬರುತ್ತದೆ. ಜ್ವರ ಬಂದರೂ ಸೊಂಟ ಹಿಡಿದರೂ ಡಾಕ್ಟರ ಹತ್ತಿರ ಹೋಗಿ "ಒಂದು ಬಾಟ್ಲಿ ಹಚ್ರಿ ಸಾಹೇಬ್ರ" ಎನ್ನುವವರು ನಾವು. ಗೋಸುಂಬೆಗೂ ಬಾಟ್ಲಿಯೇ ಹಚ್ಚಬೇಕು. ಔಷಧ ಅಂಗಡಿಯಿಂದ ಹೊಸ ಸಲಾಯಿನ್ ಪೈಪು ತಂದು, ತೊಳೆದ ಬಾಟಲಿಗೆ ಕುಡಿಯುವ ನೀರು ತುಂಬಿ, ಬುಟ್ಟಿಯ ಮೇಲೆ ತೂಗುಹಾಕಿ, ದಾಸವಾಳದ ಎಲೆ ಮೇಲೆ ಹನಿ ಬೀಳುವಂತೆ ಗಾಲಿ ತಿರುಗಿಸಿ. ಸೂಜಿ ಕಿತ್ತು ಎಸೆಯಿರಿ. ಗ್ಲೂಕೋಸು, ಓಆರ್‌ಎಸ್, ಸೋಡಾ, ನಿಂಬೆಹುಳಿ ಏನನ್ನೂ ಬೆರೆಸಬಾರದು.

ಆಮೇಲೆ ಕಾಯಬೇಕು. ಹನಿ ಎಲೆಯ ನಡುನರದ ಗುಂಟ ಜಾರಿ, ತುದಿಗೆ ಬಂದು, ದಪ್ಪಗಾಗಿ ನಿಲ್ಲುತ್ತದೆ. ಬೀಳುತ್ತದೆ. ಇನ್ನೊಂದು ಬರುತ್ತದೆ. ಗೋಸುಂಬೆ ಅಲುಗಾಡುವುದಿಲ್ಲ, ಕಣ್ಣಿನ ಗೋಪುರದ ಸಣ್ಣ ಕಂಡಿ ಮಾತ್ರ ನಿಧಾನವಾಗಿ ಆ ಹನಿಯತ್ತ ತಿರುಗುತ್ತದೆ. ಇನ್ನೊಂದು ಕಣ್ಣು ಇನ್ನೂ ಬಾಗಿಲ ಸಂದಿಯಲ್ಲಿರುವ ತಮ್ಮ ಮಗನ ಮೇಲೇ ಇದೆ. ಎಷ್ಟೋ ಹೊತ್ತಿನ ಮೇಲೆ ಆ ಕಣ್ಣೂ ಇತ್ತ ಬರುತ್ತದೆ, ಮೂತಿ ಮುಂದಕ್ಕೆ ಹೋಗುತ್ತದೆ, ಬಾಯಿ ಕೂದಲೆಳೆಯಷ್ಟು ತೆರೆದು ಎಲೆಯ ಅಂಚನ್ನು ಕಚ್ಚುತ್ತದೆ, ಗಂಟಲ ಚರ್ಮ ಮೇಲೆ ಕೆಳಗೆ ಆಗುತ್ತದೆ. "ಕುಡೀತು ಕುಡೀತು!" ಎಂದು ಈ ಹಂತದಲ್ಲಿ ಕೂಗಿದವರು ಮೊದಲ ಹನಿಯಿಂದ ಮತ್ತೆ ಪ್ರಾರಂಭಿಸಬೇಕಾಗುತ್ತದೆ.

ಆಹಾರ

ಇದು ಚಲಿಸುವುದನ್ನು ಮಾತ್ರ ಆಹಾರ ಎಂದು ಒಪ್ಪುತ್ತದೆ. ರೊಟ್ಟಿ ಚೂರು, ಅನ್ನದ ಅಗುಳು, ನೆನೆಸಿದ ಅವಲಕ್ಕಿ ಇವು ಎಷ್ಟು ಮೃದುವಾಗಿದ್ದರೂ ನಡೆದಾಡುವುದಿಲ್ಲ. ಸಣ್ಣ ಮಿಡತೆ, ನೊಣ, ಪತಂಗ, ಜೀರುಂಡೆ ಸರಿ. ಅಳತೆ ಒಂದೇ: ಹುಳ ಗೋಸುಂಬೆಯ ತಲೆಯ ಅಗಲಕ್ಕಿಂತ ಚಿಕ್ಕದಿರಬೇಕು. ದೊಡ್ಡ ಮಿಡತೆ ತಂದು ವೀರಾಧಿವೀರನ ಹಾಗೆ ಮುಂದೆ ಬಿಟ್ಟರೆ ಗೋಸುಂಬೆಯೇ ಹಿಂದೆ ಸರಿಯುತ್ತದೆ.

ಹುಳ ಎಲ್ಲಿಂದ ತರುತ್ತೀರಿ ಎಂಬುದು ಈ ಕೈಪಿಡಿಯ ಅತಿ ಗಂಭೀರ ಪ್ರಶ್ನೆ. ನಾರಾಯಣಪುರ ಬಲದಂಡೆ ಕಾಲುವೆ ಬಂದ ಮೇಲೆ ತಾಲ್ಲೂಕಿನ ಬಹಳಷ್ಟು ಎರೆ ಹೊಲಗಳು ಜೋಳ ಬಿಟ್ಟು ಹತ್ತಿ, ಮೆಣಸಿನಕಾಯಿ, ಭತ್ತಕ್ಕೆ ತಿರುಗಿದವು. ಹತ್ತಿಗೂ ಮೆಣಸಿನಕಾಯಿಗೂ ಎಣ್ಣೆ, ಅಂದರೆ ಕೀಟನಾಶಕ, ಹೊಡೆಯದ ವಾರ ಕಡಿಮೆ. ಎಣ್ಣೆ ಹೊಡೆದ ಹೊಲದಲ್ಲಿ ಕೈಗೆ ಸುಲಭವಾಗಿ ಸಿಗುವ ಮಿಡತೆಯೆಂದರೆ ಓಡಲಾರದ ಮಿಡತೆ. ಅದು ಓಡದಿರುವುದಕ್ಕೆ ಕಾರಣವೇ ಎಣ್ಣೆ. ಅದನ್ನೇ ಹಿಡಿದು ತಂದು ರೋಗಿಗೆ ಉಣಿಸಿದರೆ ಫಲ ಏನೆಂದು ಬಿಡಿಸಿ ಹೇಳಬೇಕಿಲ್ಲ. ಬೇಲಿಯಲ್ಲಿದ್ದಾಗಲೂ ಈ ಮರಿ ಅಂಥದ್ದನ್ನೇ ತಿಂದಿತ್ತೋ ಏನೋ, ಕಂಪಾಸ್ ಬಾಕ್ಸಿಗೆ ಬರುವ ಮೊದಲೇ ಸೊರಗಿತ್ತೋ ಏನೋ. ಎಣ್ಣೆ ಕಾಣದ ಪಾಳು ಭೂಮಿಯ ಹುಲ್ಲಿನಲ್ಲಿ, ಬೀದಿ ದೀಪದ ಕೆಳಗೆ ಹುಡುಕಿ. ಉಬ್ಬಸ ಬರುವಷ್ಟು ಹಾರಿದರೂ ಎರಡೇ ಸಿಕ್ಕರೆ ಅದು ಒಳ್ಳೆಯ ಮಿಡತೆ ಎಂದು ತಿಳಿಯಿರಿ.

ಆರೋಗ್ಯವಂತ ಗೋಸುಂಬೆ ಹುಳ ಕಂಡರೆ ಎರಡೂ ಕಣ್ಣು ಒಂದೇ ಕಡೆ ಕೂಡಿಸಿ, ತನ್ನ ಮೈಗಿಂತ ಉದ್ದದ ನಾಲಿಗೆಯನ್ನು ಕಣ್ಣೆವೆ ಮುಚ್ಚುವುದರೊಳಗೆ ಚಿಮ್ಮಿಸಿ ಎಳೆದುಕೊಳ್ಳುತ್ತದೆ. ಆ ನಾಲಿಗೆಯ ಜೊಲ್ಲು ಮನುಷ್ಯರ ಜೊಲ್ಲಿಗಿಂತ ಸುಮಾರು 400 ಪಟ್ಟು ಮಂದ ಎಂದು 2016ರಲ್ಲಿ ವಿಜ್ಞಾನಿಗಳು ಅಳೆದು ತೋರಿಸಿದ್ದಾರೆ. ಹುಳ ಮುಂದಿದ್ದರೂ ನಾಲಿಗೆ ಅರ್ಧಕ್ಕೆ ನಿಂತರೆ, ಗುರಿ ತಪ್ಪಿ ತಪ್ಪಿ ಬಿದ್ದರೆ, ದವಡೆ ಮೆತ್ತಗಾಗಿದ್ದರೆ, ಕಾಲು ಸೊಟ್ಟಗಿದ್ದರೆ ಅದು ಸುಣ್ಣದಂಶದ ಕೊರತೆ. ಎಳೆಯ ಗೋಸುಂಬೆಗಳನ್ನು ಮನೆಯಲ್ಲಿಟ್ಟವರಿಗೆಲ್ಲ ಇದರ ಪರಿಚಯ ಇದೆ. ಹೀಗೆಂದ ಕೂಡಲೇ ಯಾರೋ ಒಬ್ಬರು ಎಲೆ ಅಡಿಕೆ ಚೀಲದಿಂದ ಸುಣ್ಣದ ಡಬ್ಬಿ ತೆಗೆಯುತ್ತಾರೆ. ಕಸಿದುಕೊಳ್ಳಿ. ತಾಂಬೂಲದ ಸುಣ್ಣ ಬಾಯಿ ಸುಡುವಂಥದ್ದು, ಸಾಕಣೆಯವರು ಹುಳಕ್ಕೆ ಉದುರಿಸುವ ಕ್ಯಾಲ್ಸಿಯಂ ಪುಡಿಯೇ ಬೇರೆ. 48 ತಾಸಿನಲ್ಲಿ ಮೂಳೆ ಗಟ್ಟಿಯಾಗುವುದೂ ಇಲ್ಲ.

ಬಾಯಿ ಬಿಡಿಸಿ ತುರುಕುವ ಕೆಲಸ ಬೇಡವೇ ಬೇಡ. ನಾಲಿಗೆ ಹರಿಯುತ್ತದೆ, ತುತ್ತು ಶ್ವಾಸನಾಳಕ್ಕೆ ಇಳಿಯುತ್ತದೆ. "ತಿನ್ನಲ್ಲ ಅಂದ್ರ ಬಿಡ್ತೀವೇನು, ಕೂಸಿಗೆ ಮೂಗು ಹಿಡಿದು ಔಷಧ ಕುಡಸಂಗಿಲ್ಲೇನು" ಎನ್ನುವವರು ಪ್ರತಿ ಮನೆಯಲ್ಲೂ ಇರುತ್ತಾರೆ. ಅವರನ್ನೂ ಮಿರ್ಚಿ ತರಲು ಕಳಿಸಿ.

ರಾತ್ರಿ ಬುಟ್ಟಿಯಲ್ಲಿ ಹುಳ ಬಿಟ್ಟು ಮಲಗಬಾರದು. ನಿಶ್ಶಕ್ತ ಗೋಸುಂಬೆಯನ್ನು ಜೀರುಂಡೆಗಳೇ ಕಡಿಯುತ್ತವೆ. ಯಾರು ಯಾರ ಊಟ ಎಂಬುದು ಅಲ್ಲಿ ಬಲಾಬಲದ ಪ್ರಶ್ನೆ.

ಬಿಸಿಲು, ದೀಪ, ಬಣ್ಣ

ಗೋಸುಂಬೆ ಸಾಕಣೆಯ ಪುಸ್ತಕಗಳೆಲ್ಲ ಚಳಿ ದೇಶದಲ್ಲಿ ಬರೆದವು. ಬಿಸಿ ಬಲ್ಬು ಹಾಕಿ, ಹಗಲು 30 ಡಿಗ್ರಿ ಮುಟ್ಟಿಸಿ ಎಂದು ಅವು ಪುಟಗಟ್ಟಲೆ ಹೇಳುತ್ತವೆ. ಏಪ್ರಿಲ್ ತಿಂಗಳ ದೇವದುರ್ಗದಲ್ಲಿ ಆ ಸಾಲನ್ನು ಜೋರಾಗಿ ಓದಿದರೆ ಮನೆಮಂದಿ ನಕ್ಕಾರು. ಇಲ್ಲಿ 40 ದಾಟುವುದು ಸುದ್ದಿಯೇ ಅಲ್ಲ. ತಗಡಿನ ಮಾಡಿನ ಕೆಳಗೆ ಇನ್ನೂ ಹೆಚ್ಚು. ನಮಗೆ ಬೇಕಾದದ್ದು ನೆರಳು, ಗಾಳಿ. ಆದರೂ ಬೆಳಗಿನ ಎಳೆ ಬಿಸಿಲು ನೇರವಾಗಿ ಮೈಗೆ ಬೀಳಬೇಕು, ಕಿಟಕಿ ಗಾಜಿನ ಹಿಂದೆ ಅಲ್ಲ. ಮೈಯಲ್ಲಿ ವಿಟಮಿನ್ ಡಿ ಆಗಲು ಬೇಕಾದ ಕಿರಣವನ್ನು ಮಾಮೂಲಿ ಗಾಜು ತಡೆದುಬಿಡುತ್ತದೆ. ಬುಟ್ಟಿಯ ಅರ್ಧ ಬಿಸಿಲಿಗೆ, ಅರ್ಧ ನೆರಳಿಗೆ ಇಟ್ಟು ಎಲ್ಲಿ ಕೂರಬೇಕೆಂಬುದನ್ನು ಅದಕ್ಕೇ ಬಿಡಿ. ಕರೆಂಟು ಹೋದರೆ ಇದಕ್ಕೆ ಯಾವ ತೊಂದರೆಯೂ ಇಲ್ಲ, ಮನೆಯಲ್ಲಿ ಆ ಮಾತು ಹೇಳಬಹುದಾದ ಒಬ್ಬನೇ ಸದಸ್ಯ ಇದು.

ಬಣ್ಣದ ಬಗ್ಗೆ ತಮ್ಮ ಮಗನಿಗೆ ಒಂದು ಯೋಜನೆ ಇದ್ದೇ ಇರುತ್ತದೆ. ಅಂಗಳದಲ್ಲಿ ಒಣ ಹಾಕಿದ ಕೆಂಪು ಮೆಣಸಿನಕಾಯಿ ರಾಶಿಯ ಮೇಲೆ ಬಿಟ್ಟರೆ ಕೆಂಪಾಗುತ್ತದೆ, ನೀಲಿ ಯೂನಿಫಾರ್ಮಿನ ಮೇಲೆ ಬಿಟ್ಟರೆ ನೀಲಿಯಾಗುತ್ತದೆ ಎಂದು ಅವನ ಗೆಳೆಯರು ಪಂಥ ಕಟ್ಟಿರುತ್ತಾರೆ. ಆಗುವುದಿಲ್ಲ. ಖಾರಕ್ಕೆ ಕಣ್ಣು ಉರಿದು ಕಪ್ಪಾಗುತ್ತದೆ ಅಷ್ಟೇ. ಕುಳಿತ ಜಾಗಕ್ಕೆ ತಕ್ಕ ಬಣ್ಣ ತಾಳುವುದು ಗೋಸುಂಬೆಯ ಉದ್ಯೋಗವಲ್ಲ. ಸೆಕೆ, ಚಳಿ, ಸಿಟ್ಟು, ಅಂಜಿಕೆಗೆ ತಕ್ಕಂತೆ ಬದಲಾಗುತ್ತದೆ. ಅದರ ಚರ್ಮದ ಜೀವಕೋಶಗಳಲ್ಲಿರುವ ಗ್ವಾನಿನ್ ಎಂಬ ಅತಿ ಸೂಕ್ಷ್ಮ ಹರಳುಗಳ ನಡುವಿನ ಅಂತರ ಹೆಚ್ಚು ಕಡಿಮೆಯಾದಂತೆ ಬೆಳಕು ಬೇರೆ ಬೇರೆ ಬಣ್ಣವಾಗಿ ಚಿಮ್ಮುತ್ತದೆ ಎಂದು ಜಿನೀವಾ ವಿಶ್ವವಿದ್ಯಾಲಯದವರು 2015ರಲ್ಲಿ ಮಡಗಾಸ್ಕರಿನ ಗೋಸುಂಬೆಗಳಲ್ಲಿ ಕಂಡುಕೊಂಡರು. ಆಶ್ರಯ ಕೊಟ್ಟವರ ಬಣ್ಣ ತಾಳುವ ಜಾತಿ ಬೇರೆ ಇದೆ, ಚುನಾವಣೆ ಹೊತ್ತಿಗೆ ತಾಲ್ಲೂಕಿನ ತುಂಬ ಕಾಣುತ್ತದೆ. ಅದರ ಪಾಲನೆ ಈ ಕೈಪಿಡಿಯ ವ್ಯಾಪ್ತಿಗೆ ಬರುವುದಿಲ್ಲ, ಅವು ಊಟ ಬಿಟ್ಟ ಉದಾಹರಣೆಯೂ ಇಲ್ಲ.

ರಾತ್ರಿ ಟಾರ್ಚು ಬಿಟ್ಟು ನೋಡಿದಾಗ ಮೈ ಬೆಳ್ಳಗೆ, ಕಣ್ಣು ಮುಚ್ಚಿ, ಬಾಲ ಬಿಗಿಯಾಗಿ ಸುತ್ತಿಕೊಂಡಿದ್ದರೆ "ಅಯ್ಯ, ಹೋತು ಬಿಡು" ಎಂದು ಮನೆಮಂದಿಯನ್ನು ಎಬ್ಬಿಸಬೇಡಿ. ಅದು ನಿದ್ದೆಯ ಬಣ್ಣ. ಟಾರ್ಚು ಆರಿಸಿ. ಹಗಲು ಹೊತ್ತಿನಲ್ಲಿ ಕಣ್ಣು ಮುಚ್ಚಿಕೊಂಡೇ ಕೂತಿದ್ದರೆ, ಮೂತಿ ಆಕಾಶಕ್ಕೆ ಎತ್ತಿ ಉಸಿರಿಗೆ ಒದ್ದಾಡುತ್ತಿದ್ದರೆ, ಬಾಯಂಚಿನಲ್ಲಿ ನೊರೆ ಕಂಡರೆ, ಟೊಂಗೆ ಬಿಟ್ಟು ನೆಲಕ್ಕೆ ಬಿದ್ದಿದ್ದರೆ ಮಾತ್ರ ನಿಜವಾದ ಕಾಯಿಲೆ. ಆಗ ಮುಂದಿನ ಭಾಗ ನೋಡಿ.

ಸರ್ವಿಸ್ ಸೆಂಟರ್

ಎರಡು ದೂರವಾಣಿ ಸಂಖ್ಯೆಗಳಿವೆ, ಬರೆದಿಟ್ಟವರು ಒಳ್ಳೆ ಮನಸ್ಸಿನವರೇ ಇರಬೇಕು, ಆದರೆ ಗಾಬರಿಯಲ್ಲಿರುವವರ ಬಗ್ಗೆ ಯೋಚಿಸಿಲ್ಲ. 1926 ಅರಣ್ಯ ಇಲಾಖೆಯ ಸಹಾಯವಾಣಿ. 1962 ಪಶು ಚಿಕಿತ್ಸೆಯ ಸಂಚಾರಿ ವಾಹನದ್ದು. ಕೊನೆಯ ಎರಡು ಅಂಕಿ ಅದಲು ಬದಲಾದರೆ ಗೋಸುಂಬೆಗೆ ಎಮ್ಮೆಯ ಡಾಕ್ಟರು, ಎಮ್ಮೆಗೆ ಫಾರೆಸ್ಟ್ ಗಾರ್ಡು ಬರುತ್ತಾರೆ. ಹಾಕಬೇಕಾದ್ದು 1926. ಹೇಳಬೇಕಾದ್ದು ಇಷ್ಟೇ: ಇಂಥ ಊರು, ಇಂಥ ಕಡೆ ಸಿಕ್ಕಿದ್ದು, ಹೀಗೆ ಇದೆ. ಹುಡುಗ ತಂದಿದ್ದಾನೆ ಎಂಬುದನ್ನು ಮುಚ್ಚಿಡಲು "ತಾನಾಗೇ ಮನಿಗೆ ಬಂತ್ರಿ" ಎಂದರೆ, ಕಾಲು ಓಲಾಡಿಸಿ ನಡೆಯುವ ಪ್ರಾಣಿ ಕಾಲುವೆಯಿಂದ ಓಣಿಯವರೆಗೆ ಎಷ್ಟು ದಿನಕ್ಕೆ ಬಂತು ಎಂದು ಕೇಳಿಯಾರು.

ತಾಲ್ಲೂಕು ಪಶು ಆಸ್ಪತ್ರೆಗೆ ಒಯ್ಯುವುದಾದರೆ ನಿರೀಕ್ಷೆ ಸಣ್ಣದಿರಲಿ. ಅಲ್ಲಿ ದಿನವೂ ಬರುವವು ಎತ್ತು, ಎಮ್ಮೆ, ಕುರಿ. ಔಷಧದ ಪ್ರಮಾಣವೂ ಆ ಗಾತ್ರದ್ದು. ಕೆಲವೇ ಗ್ರಾಂ ತೂಗುವ ರೋಗಿಗೆ ಲೆಕ್ಕ ಹಾಕಲು ಮೊದಲು ತೂಕ ತಿಳಿಯಬೇಕು, ಅಷ್ಟು ಸಣ್ಣ ತೂಕ ತೋರುವ ತಕ್ಕಡಿ ಊರಲ್ಲಿ ಇರುವುದು ಬಂಗಾರದ ಅಂಗಡಿಯಲ್ಲಿ. ಪಕ್ಕದ ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಗಣಿ ಇರುವುದರಿಂದ ಬಂಗಾರದ ತೂಕದ ವಿಷಯದಲ್ಲಿ ನಮ್ಮವರು ಕಟ್ಟುನಿಟ್ಟು. ಕಡ್ಡಿ ಸಮೇತ ತೂಗಿ, ಆಮೇಲೆ ಕಡ್ಡಿಯನ್ನು ಬೇರೆ ತೂಗಿ ಕಳೆಯಬೇಕು. ಅರ್ಧ ತೊಲೆಯೂ ಆಗಲಿಲ್ಲ ಎಂದು ಅಂಗಡಿಯವರು ನಕ್ಕರೆ ನಗಲಿ. ಹೊತ್ತು ಮೀರಿದ ರೋಗಿಗೆ ಸರಿಯಾದ ಚಿಕಿತ್ಸೆ ಸಿಗಬೇಕಾದರೆ ವನ್ಯಜೀವಿ ಪಶುವೈದ್ಯರೇ ಬೇಕು, ಅಲ್ಲಿಗೆ ಮುಟ್ಟಿಸುವ ದಾರಿ ಅರಣ್ಯ ಇಲಾಖೆಯ ಮೂಲಕವೇ. ಮನೆಯಲ್ಲಿದ್ದ ಅರ್ಧ ಪ್ಯಾರಾಸಿಟಮಾಲ್ ಅರೆದು ಕುಡಿಸುವ ಪ್ರಸ್ತಾಪ ಬಂದರೆ ತಿರಸ್ಕರಿಸಿ.

ಹಿಂದಿರುಗಿಸುವಿಕೆ

ನೀರು ಕುಡಿದು, ಕಣ್ಣು ತುಂಬಿಕೊಂಡು, ಟೊಂಗೆ ಗಟ್ಟಿಯಾಗಿ ಹಿಡಿದು, ಯಾರನ್ನಾದರೂ ಕಂಡರೆ ಬುಸ್ ಎನ್ನುವಷ್ಟು ಸುಧಾರಿಸಿದರೆ, ಇಲಾಖೆಯವರು ಬಿಡಿ ಎಂದ ಮೇಲೆ ಸಿಕ್ಕ ಜಾಗಕ್ಕೇ ಬಿಡಬೇಕು. ಮರಿಗೆ ತಾಯಿ ಹುಡುಕುವ ತಾಪತ್ರಯ ಇಲ್ಲ. ತಾಯಿ ಗೋಸುಂಬೆ ಮರ ಇಳಿದು, ನೆಲ ತೋಡಿ, ಮೊಟ್ಟೆ ಇಟ್ಟು, ಮಣ್ಣು ಮುಚ್ಚಿ ಹೊರಟುಹೋಗಿರುತ್ತಾಳೆ. ಮರಿ ಮೊಟ್ಟೆಯಿಂದ ಹೊರಬಂದ ದಿನದಿಂದಲೇ ತನ್ನ ಹುಳ ತಾನೇ ಹಿಡಿಯುತ್ತದೆ. ಹೀಗಾಗಿ ಅವ್ವನ ಹತ್ತಿರ ಹೋಗುತ್ತದೆ ಎಂದು ಹುಡುಗನನ್ನು ಸಮಾಧಾನ ಮಾಡುವ ಸುಳ್ಳು ಈ ಕೈಪಿಡಿಯಲ್ಲಿ ಇಲ್ಲ.

ಬೆಳಗ್ಗೆ ಬಿಸಿಲು ಏರುವ ಮುನ್ನ ಹೋಗಿ. ಸಂಜೆ ಬಿಟ್ಟರೆ ಕತ್ತಲಾಗುವುದರೊಳಗೆ ಜಾಗ ಹುಡುಕಿಕೊಳ್ಳಲಾರದು. ನೆಲದ ಮೇಲೆ ಬಿಡಬೇಡಿ. ನಾಯಿ ಇದೆ, ಕಾಗೆ ಇದೆ, ರಸ್ತೆ ದಾಟಲು ಹೊರಟು ನಡುವೆ ನಿಂತು ಕಾಲು ಓಲಾಡಿಸುವ ಇದರ ಸ್ವಭಾವಕ್ಕೆ ಜಾಲಹಳ್ಳಿ ರಸ್ತೆಯ ಟಂಟಂ ಕಾಯುವುದಿಲ್ಲ. ಕಡ್ಡಿ ಸಮೇತ ಎದೆಮಟ್ಟಕ್ಕಿಂತ ಎತ್ತರದ ಟೊಂಗೆಗೆ ಚಾಚಿ ಹಿಡಿದರೆ ಮುಂಗಾಲು ಆ ಟೊಂಗೆಗೆ ಹೋಗುತ್ತದೆ, ಹಿಂಗಾಲು ಇನ್ನೂ ಕಡ್ಡಿಯಲ್ಲೇ ಇರುತ್ತದೆ, ಬಾಲ ಎರಡಕ್ಕೂ ಸೇರಿ ಸುತ್ತಿಕೊಂಡಿರುತ್ತದೆ. ತೋಳು ಸೋತರೂ ಹಾಗೇ ಹಿಡಿದುಕೊಂಡಿರಬೇಕು. ಪಕ್ಕದ ಹೊಲದಲ್ಲಿ ಎಣ್ಣೆ ಹೊಡೆಯುತ್ತಿದ್ದರೆ ಅದೇ ಕಾಲುವೆಯ ದಂಡೆಯಲ್ಲೇ ಸ್ವಲ್ಪ ಮುಂದಿನ ಬೇವಿಗೆ ಹೋಗಿ. ಹುಡುಗನನ್ನು ಕರೆದೊಯ್ಯಿರಿ, ಕಡ್ಡಿ ಅವನೇ ಹಿಡಿಯಲಿ.

ಮನೆಗೆ ಬಂದ ಮೇಲೆ ಬುಟ್ಟಿ ತೊಳೆದು ಬಿಸಿಲಿಗೆ ಇಡಿ, ಎಲ್ಲರೂ ಸಾಬೂನು ಹಚ್ಚಿ ಕೈ ತೊಳೆಯಿರಿ; ಸರೀಸೃಪಗಳ ಮೈಯಿಂದ ಸಾಲ್ಮೊನೆಲ್ಲ ಎಂಬ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಅಂಟಬಹುದು. ತಿನ್ನದೆ ಉಳಿದ ಮಿಡತೆಗಳನ್ನು ಹುಲ್ಲಿಗೆ ಬಿಡಿ. ಜೀರುಂಡೆಗಳಲ್ಲಿ ಒಂದೆರಡು ತಪ್ಪಿಸಿಕೊಂಡು ಟ್ರಂಕಿನ ಹಿಂದೆ ಸೇರಿರುತ್ತವೆ, ಒಂದಷ್ಟು ರಾತ್ರಿ ಕಿರ್ರೆಂದು ನಿದ್ದೆ ಕೆಡಿಸುತ್ತವೆ. ಟ್ರಂಕು ಸರಿಸಿ ಹುಡುಕುವ ಶ್ರಮ ಬೇಡ. ಅದನ್ನು ಗೋಡೆಯ ಹಲ್ಲಿಗೆ ವಹಿಸಿ. ಅದಕ್ಕೆ ಬುಟ್ಟಿ, ಬಾಟ್ಲಿ, ದಾಸವಾಳ ಏನೂ ಬೇಡ. ನೋಡುವವರು ಎಷ್ಟೇ ಇದ್ದರೂ ಟ್ಯೂಬ್‌ಲೈಟಿನ ಪಕ್ಕದಲ್ಲೇ ಕೂತು ಉಣ್ಣುತ್ತದೆ.